ಮಾರುವವನಿಲ್ಲದ ಮಾರಾಟ

ಕುದುರೆಯ ವ್ಯಾಪಾರದಲ್ಲಿ ಮೋಸಹೋಗುವವನು ಕೊಳ್ಳುವವನೇ ಎಂಬುದು ಲೋಕದ ಹಳೆಯ ನಂಬಿಕೆ. ಹಲ್ಲು ನೋಡಿ, ಸುಳಿ ನೋಡಿ, ಕಾಲೆತ್ತಿ ಗೊರಸು ತಟ್ಟಿ ಕೊಂಡ ಕುದುರೆಯೂ ಮನೆ ಸೇರಿದ ಮರುದಿನ ಕುಂಟುವುದುಂಟು. ಕೊಳ್ಳುವವನು ಸಿರಿವಂತನಾದಷ್ಟೂ ಮಾರುವವನ ನಾಲಗೆ ಚುರುಕಾಗುತ್ತದೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದಿಟ್ಟ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಸಾಳುವ ನರಸಿಂಹನ ವಿಷಯದಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳುತ್ತಾನೆ. ಕಡಲಾಚೆಯಿಂದ ಬರುವ ಕುದುರೆಗಳನ್ನು ಆ ಅರಸ ಬದುಕಿದ್ದರೂ ಕೊಳ್ಳುತ್ತಿದ್ದನಂತೆ, ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಜೀವಂತ ಕುದುರೆಗೆ ಸಲ್ಲುವ ಹಣವೇ ಸಲ್ಲುತ್ತಿತ್ತಂತೆ. ತಮಿಳರ ಶೈವ ಪುರಾಣವಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಾಕ್ಷಾತ್ ಪರಮೇಶ್ವರನನ್ನೇ ಕುದುರೆ ವ್ಯಾಪಾರಿಯನ್ನಾಗಿ ಮಾಡಿದೆ. ಭಕ್ತನಾದ ಮಾಣಿಕ್ಯವಾಚಕನ ಮಾನ ಉಳಿಸಲು ಶಿವನು ಕುದುರೆಗಳ ಹಿಂಡನ್ನು ಮಧುರೆಗೆ ತಂದು ಪಾಂಡ್ಯರಾಜನಿಗೆ ಒಪ್ಪಿಸುತ್ತಾನೆ. ರಾತ್ರಿಯಾದೊಡನೆ ಅವೆಲ್ಲ ನರಿಗಳಾಗಿ ಲಾಯದಲ್ಲಿ ಊಳಿಡುತ್ತವೆ. ರಷ್ಯದ ತುರ್ಗೆನೆವ್ 1852ರಲ್ಲಿ ಪುಸ್ತಕವಾಗಿ ಹೊರತಂದ ಬೇಟೆಗಾರನ ಚಿತ್ರಗಳಲ್ಲಿ ‘ಲೆಬೆದ್ಯಾನ್’ ಎಂಬುದೊಂದಿದೆ. ಅಲ್ಲಿಯೂ ಜಮೀನುದಾರನೊಬ್ಬ ಜಾತ್ರೆಗೆ ಹೋಗಿ, ಮಾತಿನಲ್ಲಿ ಸಾಧುಪುರುಷನಂತೆಯೇ ಇರುವ ಮುದುಕ ವ್ಯಾಪಾರಿಯೊಬ್ಬನಿಂದ ಕುದುರೆಯನ್ನು ಕೊಂಡು ಮೋಸಹೋಗುತ್ತಾನೆ.

ದೇಶ ಯಾವುದಾದರೇನು, ಕಾಲ ಯಾವುದಾದರೇನು, ಇಂಥ ಕಥೆಗಳ ಸೂತ್ರ ಒಂದೇ. ಬಡವನಿಗೆ ಬುದ್ಧಿ, ಬಲ್ಲಿದನಿಗೆ ಹಣ. ಕುದುರೆ ಈ ಎರಡನ್ನೂ ಒಂದು ಗಳಿಗೆ ಸಮಸಮ ಮಾಡುತ್ತದೆ. ಓದುವ ನಮಗೂ ಅದರಿಂದ ಸಂತೋಷ. ಈ ಸೂತ್ರವನ್ನು ಸದ್ದಿಲ್ಲದೆ ಮುರಿದು ಹಾಕಿದ ಕಥೆಯೊಂದು ನಮ್ಮ ಮೈಸೂರಿನಲ್ಲೇ ಬಹುಕಾಲ ಬಾಳಿದ ಆರ್. ಕೆ. ನಾರಾಯಣ್ ಅವರ ಲೇಖನಿಯಿಂದ ಬಂದಿದೆ. ‘ಎ ಹಾರ್ಸ್ ಅಂಡ್ ಟೂ ಗೋಟ್ಸ್’ ಎಂಬುದು ಅದರ ಹೆಸರು. ‘ಒಂದು ಕುದುರೆ, ಎರಡು ಮೇಕೆ’ ಎನ್ನೋಣ. ಇದೇ ಹೆಸರಿನ ಸಂಕಲನ 1970ರಲ್ಲಿ ಹೊರಬಂತು. ಶಾಲಾ ಕಾಲೇಜುಗಳ ಪಠ್ಯಗಳಲ್ಲಿ ಸೇರಿ, ನಗೆಗಥೆಯೆಂದು ಹೆಸರಾಗಿ, ಬಹು ಮಂದಿ ಓದಿ ಮರೆತಿರುವ ಕಥೆ ಇದು. ಇದನ್ನು ಮತ್ತೊಮ್ಮೆ ಓದಬೇಕೆಂದು ವಾಚಕರನ್ನು ಕೇಳಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕಥೆ ಸಣ್ಣದು. ತಮಿಳು ಸೀಮೆಯ ಕ್ರಿತಂ ಎಂಬ ಹಳ್ಳಿ. ಇರುವುದು ಮೂವತ್ತಕ್ಕೂ ಕಡಮೆ ಮನೆಗಳು. ಅಲ್ಲಿಯ ಮುನಿ ಎಂಬ ಮುದುಕನಿಗೆ ಒಂದು ಕಾಲದಲ್ಲಿ ನಲವತ್ತು ಆಡುಕುರಿಗಳಿದ್ದವು. ರೋಗ ಬಂದು, ದುರ್ದೆಸೆ ಬಂದು, ಕೊನೆಗೆ ಎರಡೇ ಮೇಕೆ ಉಳಿದಿವೆ. ಅಂದು ಅವನಿಗೆ ನುಗ್ಗೆಕಾಯಿ ಹುಳಿ ತಿನ್ನುವ ಚಪಲ. ಕಾಯಿ ಮರದಲ್ಲಿದೆ, ಬೇಳೆ ಅಂಗಡಿಯಲ್ಲಿದೆ. ಅಂಗಡಿಯವನು ಹಳೆಯ ಬಾಕಿ ತೋರಿಸಿ ಹೊರಗಟ್ಟುತ್ತಾನೆ. ಸಂಜೆಯವರೆಗೆ ಉಪವಾಸವಿರು ಎಂದು ಹೆಂಡತಿ ಕಳುಹಿಸುತ್ತಾಳೆ. ಮುನಿ ಮೇಕೆಗಳನ್ನು ಹೊಡೆದುಕೊಂಡು ಹೆದ್ದಾರಿಯ ಬಳಿ, ಊರಾಚೆ ನಿಂತಿರುವ ಒಂದು ಮಣ್ಣಿನ ಕುದುರೆಯ ಜಗಲಿಯ ಮೇಲೆ ಕುಳಿತುಕೊಳ್ಳುತ್ತಾನೆ. ನಿಜವಾದ ಕುದುರೆಯಷ್ಟೇ ದೊಡ್ಡದು. ಪಕ್ಕದಲ್ಲಿ ಮೀಸೆ ಹೊತ್ತ ವೀರನೊಬ್ಬನ ಮೂರ್ತಿ. ಅಷ್ಟರಲ್ಲಿ ಹಳದಿ ಬಣ್ಣದ ಮೋಟಾರೊಂದು ಪೆಟ್ರೋಲು ಮುಗಿದು ಅಲ್ಲೇ ನಿಲ್ಲುತ್ತದೆ. ಅದರಿಂದ ಇಳಿದವನು ಖಾಕಿ ತೊಟ್ಟ ಅಮೆರಿಕದವನು, ಕಾಫಿ ವ್ಯಾಪಾರದ ಹಣವಂತ. ಅವನಿಗೆ ತಮಿಳು ಬಾರದು. ಮುನಿಗೆ ಇಂಗ್ಲಿಷಿನಲ್ಲಿ ‘ಯೆಸ್’, ‘ನೋ’ ಎಂಬ ಎರಡು ಮಾತು ಬಿಟ್ಟರೆ ಬೇರೇನೂ ಬಾರದು. ಖಾಕಿ ಕಂಡು ಪೊಲೀಸಿನವನೆಂದು ಹೆದರಿದ ಮುನಿ ಯಾವುದೋ ಕೊಲೆಯ ವಿಷಯದಲ್ಲಿ ತಾನು ನಿರ್ದೋಷಿಯೆಂದು ಸಾಧಿಸುತ್ತಾನೆ. ಅವನು ಕುದುರೆಯನ್ನು ಕೇಳುತ್ತಾನೆ, ಇವನು ಕಲ್ಕಿಯ ಅವತಾರದ ಕಥೆ ಹೇಳುತ್ತಾನೆ. ಅವನು ನೂರು ರೂಪಾಯಿ ಚಾಚುತ್ತಾನೆ. ಇವನು ಮೊದಲು ಚಿಲ್ಲರೆ ಕೇಳುತ್ತಿದ್ದಾನೆ ಎಂದುಕೊಂಡು, ಆಮೇಲೆ ತನ್ನ ಮೇಕೆಗಳಿಗೆ ಕೊಟ್ಟ ಬೆಲೆಯೆಂದು ತಿಳಿದು, ಹಣ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಅತ್ತ ಅಮೆರಿಕದವನು ದಾರಿಯಲ್ಲಿ ಬಂದ ಲಾರಿಯವರಿಗೆ ನಾಲ್ಕು ಕಾಸು ಕೊಟ್ಟು, ಕುದುರೆಯನ್ನು ಜಗಲಿಯಿಂದ ಕೀಳಿಸಿ, ಮೋಟಾರಿಗೇರಿಸಿ ಹೊರಟುಹೋಗುತ್ತಾನೆ. ಇತ್ತ ಮೇಕೆಗಳು ಒಡೆಯನನ್ನು ಹುಡುಕಿಕೊಂಡು ಮನೆಬಾಗಿಲಿಗೆ ಬಂದು ಅರಚುತ್ತವೆ. ಹಣ ಎಲ್ಲಿಂದ ಬಂತೆಂದು ಹೆಂಡತಿ ಗದರಿಸುತ್ತಾಳೆ. ಕದ್ದ ಹಣವೆಂದೇ ಅವಳ ಸಂಶಯ. ಪೊಲೀಸರು ಬಂದರೆ ನೀನುಂಟು ಅವರುಂಟು, ತಾನು ತೌರಿಗೆ ಹೋಗುತ್ತೇನೆ ಎನ್ನುತ್ತಾಳೆ. ಕಥೆ ಅಲ್ಲಿಗೆ ನಿಲ್ಲುತ್ತದೆ.

ಇದನ್ನು ಎರಡು ಭಾಷೆಗಳ ನಡುವಣ ತಮಾಷೆಯೆಂದು ಓದುವುದು ವಾಡಿಕೆ. ಅಧ್ಯಾಪಕರೂ ಹಾಗೆಯೇ ಹೇಳಿಕೊಡುತ್ತಾರೆ: ಪೂರ್ವ ಪಶ್ಚಿಮಗಳು ಒಂದರ ಮಾತನ್ನೊಂದು ಅರಿಯವು, ಅದರಿಂದ ಇಷ್ಟೆಲ್ಲ ಅವಾಂತರ, ಎಂದು. ಈ ಮಾತು ಸುಳ್ಳಲ್ಲ. ಆದರೆ ಕಥೆಯ ಹೊರಮೈಗೆ ಮಾತ್ರ ಸಲ್ಲುವ ಮಾತು. ಒಂದು ಪ್ರಶ್ನೆ ಹಾಕಿಕೊಂಡು ನೋಡೋಣ. ಮುನಿಗೆ ಇಂಗ್ಲಿಷ್ ಬರುತ್ತಿದ್ದರೆ ಕುದುರೆ ಉಳಿಯುತ್ತಿತ್ತೆ? ಅವನು ಬಹುಶಃ ‘ಇದು ನನ್ನದಲ್ಲ ಸ್ವಾಮಿ’ ಎನ್ನುತ್ತಿದ್ದ. ‘ಹಾಗಾದರೆ ಯಾರದು?’ ಎಂದು ಕೇಳಿದ್ದರೆ? ಕಥೆಯ ಮರ್ಮ ಇರುವುದು ಇಲ್ಲಿ. ಆ ಪ್ರಶ್ನೆಗೆ ಕ್ರಿತಂ ಹಳ್ಳಿಯಲ್ಲಿ ಯಾರ ಬಳಿಯೂ ಸಿದ್ಧವಾದ ಉತ್ತರವಿಲ್ಲ.

ನಾರಾಯಣ್ ಅವರು ಈ ಕುದುರೆಯನ್ನು ಬಣ್ಣಿಸಿರುವ ರೀತಿಯನ್ನು ಗಮನಿಸಬೇಕು. ತಮಿಳುನಾಡಿನ ಹಳ್ಳಿಗಳ ಎಲ್ಲೆಯಲ್ಲಿ ಅಯ್ಯನಾರ್ ದೇವರ ಗುಡಿಯ ಮುಂದೆ ಇಂಥ ಮಣ್ಣಿನ ಕುದುರೆಗಳು ಸಾಲುಸಾಲಾಗಿ ನಿಂತಿರುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹರಕೆ ಹೊತ್ತವರು ಕುಂಬಾರರಿಂದ ಮಾಡಿಸಿ ಒಪ್ಪಿಸುವ ಕುದುರೆಗಳು ಅವು. ರಾತ್ರಿ ದೇವರು ಅವನ್ನೇರಿ ಊರನ್ನು ಕಾಯುತ್ತಾನೆಂದು ನಂಬಿಕೆ. ಅಂಥ ಕುದುರೆಯನ್ನು ಹಾಡಹಗಲು ಕಿತ್ತೊಯ್ಯಲು ಬಂದವನು ಊರವರ ಕೈಯಿಂದ ಪಾರಾಗುವುದು ಕಷ್ಟ. ನಾರಾಯಣ್ ಅವರ ಕುದುರೆಗೆ ಪೂಜೆಯಿಲ್ಲ, ಹೂವಿಲ್ಲ, ಪೂಜಾರಿಯಿಲ್ಲ. ಯಾರು ಮಾಡಿಸಿದರೋ ಯಾರಿಗೂ ನೆನಪಿಲ್ಲ. ಊರವರು ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಮರದ ಬೊಡ್ಡೆ ಕೊಚ್ಚುವ, ಮೈಲಿಗಲ್ಲು ಉರುಳಿಸುವ ಪುಂಡ ಹುಡುಗರಿಗೆ ಕೂಡ ಅದು ಬೇಡವಾಗಿದೆ. ಹೀಗೆ ಲೇಖಕರು ಮೊದಲೇ ಆ ಕುದುರೆಯನ್ನು ಊರಿನ ಕಣ್ಣಿನಿಂದ ಬಿಡಿಸಿ ಇಟ್ಟಿದ್ದಾರೆ. ಮಾರಾಟ ನಡೆಯುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ಕಳೆದುಹೋಗಿದೆ; ಅಮೆರಿಕದವನು ಬಂದು ಅದನ್ನು ಎತ್ತಿಕೊಂಡು ಹೋದದ್ದು ಕೊನೆಯ ಕೆಲಸ ಮಾತ್ರ.

ಇಡೀ ಊರಿನಲ್ಲಿ ಆ ಕುದುರೆ ಏನೆಂದು ಹೇಳಬಲ್ಲವನು ಒಬ್ಬನೇ, ಊರಿನಲ್ಲೆಲ್ಲ ಬಡವನಾದ ಮುನಿ. ತಾತನ ಬಾಯಿಂದ ಕೇಳಿದ್ದನ್ನು ಅವನು ಮರೆತಿಲ್ಲ: ಕಲಿಯುಗದ ಕೊನೆಗೆ ಕಲ್ಕಿ ಬರುತ್ತಾನೆ, ಆಗ ಈ ಕುದುರೆಗೆ ಜೀವ ಬಂದು ಪಾಪಿಗಳನ್ನು ತುಳಿಯುತ್ತದೆ. ಇದನ್ನು ಅವನು ತನ್ಮಯನಾಗಿ ಹೇಳುತ್ತಾನೆ. ಬಹುಕಾಲದ ಮೇಲೆ ತನ್ನ ಮಾತನ್ನು ಇಷ್ಟು ಹೊತ್ತು ಕುಳಿತು ಕೇಳುವವನೊಬ್ಬ ಸಿಕ್ಕಿದನೆಂಬ ಸಂತೋಷ ಅವನಿಗೆ. ಕೇಳುವವನಿಗೆ ಒಂದಕ್ಷರವೂ ತಿಳಿಯುತ್ತಿಲ್ಲ. ಅದು ಬೇರೆ ಮಾತು. ಹೀಗೆ ಮುನಿ ತನ್ನಲ್ಲಿದ್ದ ನಿಜವಾದ ಆಸ್ತಿಯನ್ನು, ಎಂದರೆ ಆ ಕಥೆಯನ್ನು, ಬಿಟ್ಟಿಯಾಗಿ ಕೊಡುತ್ತಾನೆ, ಅದನ್ನು ತೆಗೆದುಕೊಳ್ಳುವವರಿಲ್ಲ. ತನ್ನದಲ್ಲದ ಕುದುರೆಗೆ ನೂರು ರೂಪಾಯಿ ಬರುತ್ತದೆ; ಅದು ಬಂದದ್ದೇ ಅವನಿಗೆ ತಿಳಿಯದು. ಮೇಕೆಗಳನ್ನು ಮನಸಾರೆ ಮಾರುತ್ತಾನೆ. ಅವನ್ನು ಕೊಂಡವರೇ ಇಲ್ಲ. ಈ ಮೂರು ಎಳೆಗಳನ್ನು ಒಂದು ಮಧ್ಯಾಹ್ನದ ಮಾತುಕತೆಯಲ್ಲಿ ಹೆಣೆದಿರುವುದು ಸಾಮಾನ್ಯ ಕೌಶಲವಲ್ಲ.

ಇನ್ನು ಕೊಳ್ಳುವವನ ಮಾತು. ಅವನನ್ನು ಖಳನನ್ನಾಗಿ ಮಾಡುವುದು ಸುಲಭವಾಗಿತ್ತು. ನಾರಾಯಣ್ ಅವರು ಹಾಗೆ ಮಾಡಿಲ್ಲ. ಅವನು ಒಳ್ಳೆಯವನು, ಮಾತುಗಾರ, ಸಿಗರೇಟು ಕೊಡುತ್ತಾನೆ, ಮುದುಕನ ಮೇಕೆಗಳ ಬೆನ್ನು ಸವರುತ್ತಾನೆ. ಕದಿಯುವ ಉದ್ದೇಶ ಅವನಿಗೆ ಲವಲೇಶವೂ ಇಲ್ಲ. ಹಣ ಕೊಟ್ಟೇ ಒಯ್ಯುತ್ತಾನೆ. ಕುದುರೆಯನ್ನು ತನ್ನ ದಿವಾನಖಾನೆಯ ನಡುವೆ ನಿಲ್ಲಿಸಿ, ಬಂದ ಅತಿಥಿಗಳು ಅದರ ಸುತ್ತ ನಿಂತು ಪಾನಗೋಷ್ಠಿ ನಡೆಸುವ ಚಿತ್ರವನ್ನು ಅವನು ಪ್ರೀತಿಯಿಂದಲೇ ಕಲ್ಪಿಸಿಕೊಳ್ಳುತ್ತಾನೆ. ಅವನ ತಪ್ಪು ಒಂದೇ. ಕುದುರೆಯ ಬುಡದಲ್ಲಿ ಒಬ್ಬ ಬಡವ ಕುಳಿತಿದ್ದಾನೆ; ಆದುದರಿಂದ ಅವನು ಅದನ್ನು ಮಾರಲು ಕುಳಿತವನೇ ಇರಬೇಕು. ಈ ದೇಶದಲ್ಲಿ ಬೇರೆಡೆ ಹಾಗೆ ಕುಳಿತವರನ್ನು ಅವನು ಕಂಡಿದ್ದಾನೆ. ತನ್ನ ಊರಿನ ಚರ್ಚಿನ ಮೆಟ್ಟಿಲ ಮೇಲೆ ಕುಳಿತ ಮುದುಕನನ್ನು ಕಂಡು ಚರ್ಚಿಗೆ ಬೆಲೆ ಕೇಳುವಷ್ಟು ಮೂಢನಲ್ಲ ಅವನು. ಇಲ್ಲಿ ಮಾತ್ರ ಆ ವಿವೇಕ ಅವನಿಗೆ ಹೊಳೆಯುವುದಿಲ್ಲ. ಹಣವುಳ್ಳವನ ಕಣ್ಣು ಯಾರ ಮೇಲೆ ಬಿದ್ದರೆ ಅವನೇ ಮಾರುವವನಾಗುತ್ತಾನೆ. ಅವನ ಒಪ್ಪಿಗೆಯೂ ಬೇಕಿಲ್ಲ, ಅವನಿಗೆ ತಿಳಿಯಬೇಕಾದುದೂ ಇಲ್ಲ.

ಮುನಿಯನ್ನು ಕೂಡ ಲೇಖಕರು ಮುಗ್ಧತೆಯ ಮೂರ್ತಿಯಾಗಿ ಕಡೆದಿಲ್ಲ ಎಂಬುದು ಸಮಾಧಾನದ ಸಂಗತಿ. ಮಗಳು ಹಣ ಕಳುಹಿಸುತ್ತಾಳೆಂದು ಅವನು ಅಂಗಡಿಯವನಿಗೆ ಹಸಿಹಸಿ ಸುಳ್ಳು ಹೇಳಬಲ್ಲ. ವಯಸ್ಸನ್ನು ಇಪ್ಪತ್ತು ವರ್ಷ ಇಳಿಸಬಲ್ಲ. ಮೇಕೆ ಮಾರಿ ಬಂದ ಹಣದಿಂದ ಅದೇ ದಾರಿಯ ಬದಿ ಒಂದು ಪುಟ್ಟ ಅಂಗಡಿ ಹೂಡಬೇಕೆಂಬ ಕನಸು ಅವನಿಗಿದೆ. ಹೀಗೆ ಇಬ್ಬರೂ ಸಾಧಾರಣ ಮನುಷ್ಯರು. ಇಬ್ಬರೂ ಇನ್ನೊಬ್ಬರನ್ನು ಮೋಸ ಮಾಡಲಿಲ್ಲ. ಮೋಸಗಾರನಿಲ್ಲದೆ ಮೋಸ ನಡೆದುಹೋಗುವುದೇ ಈ ಕಥೆಯ ವಿಶೇಷ.

ಹಾಗಾದರೆ ಇದು ಮೋಸವೆಂದು ಹೇಳುವವರು ಕಥೆಯಲ್ಲಿ ಯಾರೂ ಇಲ್ಲವೆ? ಇದ್ದಾಳೆ; ಮುನಿಯ ಹೆಂಡತಿ. ನಮ್ಮ ಆಲಂಕಾರಿಕರು ವಾಚ್ಯಾರ್ಥ, ವ್ಯಂಗ್ಯಾರ್ಥ ಎಂದು ಬೇರೆ ಮಾಡಿ ತೋರಿಸಿದ್ದನ್ನು ಇಲ್ಲಿ ಪ್ರಯೋಗಿಸಿ ನೋಡಬಹುದು. ಗಂಡ ಕದ್ದಿದ್ದಾನೆ ಎಂದು ಅವಳು ಆಡುವ ಮಾತು ವಾಚ್ಯದಲ್ಲಿ ಸುಳ್ಳು; ಮುನಿ ಏನನ್ನೂ ಕದ್ದಿಲ್ಲ. ನಾವು ನಗುವುದು ಅದಕ್ಕಾಗಿಯೇ. ಆದರೆ ಆ ಹೊತ್ತಿಗೆ ಊರ ಎಲ್ಲೆಯಲ್ಲಿ ಜಗಲಿ ಬರಿದಾಗಿದೆ. ಊರಿಗೆ ಸೇರಿದ ವಸ್ತು ಊರಿಗೆ ತಿಳಿಯದಂತೆ ಹೋಗಿದೆ. ಅದರ ಬೆಲೆ ಅವಳ ಕೈಯಲ್ಲೇ ಇದೆ. ಕಳವು ನಡೆದಿದೆ ಎಂದು ಅವಳು ಹೇಳಿದ್ದು ಅವಳಿಗೇ ತಿಳಿಯದಂತೆ ನಿಜವಾಗಿದೆ. ಕಲಿತವರಾದ ನಾವು ಇಡೀ ಕಥೆಯನ್ನು ಕಣ್ಣಾರೆ ಕಂಡೂ ನಕ್ಕು ಸುಮ್ಮನಾಗುತ್ತೇವೆ. ಏನನ್ನೂ ಕಾಣದ ಆ ಹೆಂಗಸು ಹಣ ನೋಡಿದೊಡನೆ ಇದು ಸರಿಯಿಲ್ಲ ಎನ್ನುತ್ತಾಳೆ. ಈ ಧ್ವನಿಯನ್ನು ಲೇಖಕರು ಎಲ್ಲಿಯೂ ಬಿಡಿಸಿ ಹೇಳಿಲ್ಲ. ಹೇಳಿದ್ದರೆ ಕಥೆ ಕೆಡುತ್ತಿತ್ತು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನೂ ಎತ್ತಬೇಕು. ಮರುದಿನ ಬೆಳಗ್ಗೆ ಏನಾಯಿತು? ಬರಿದಾದ ಜಗಲಿಯನ್ನು ಕಂಡು ಊರು ಏನೆಂದಿತು? ಅಥವಾ ಅದನ್ನು ಗಮನಿಸಿದವರೇ ಇರಲಿಲ್ಲವೆ? ನಾರಾಯಣ್ ಅವರು ನಮ್ಮನ್ನು ಆ ಬೆಳಗಿನವರೆಗೆ ಕರೆದೊಯ್ಯುವುದಿಲ್ಲ. ನೋವಿನ ಅಂಚಿಗೆ ಬಂದೊಡನೆ ಮುಗುಳ್ನಗೆಯಿಂದ ಹಿಂದಿರುಗುವುದು ಅವರ ಸ್ವಭಾವವೆಂದು ಹಲವರು ದೂರಿದ್ದಾರೆ; ಆ ದೂರು ಇಲ್ಲಿಯೂ ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ. ಲಾರಿಯವರ ಪ್ರಸಂಗವನ್ನು ಅವರು ಎರಡು ಮೂರು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಆ ಲಾರಿಯವರಾದರೂ ಈ ನಾಡಿನವರೇ. ಆ ಕುದುರೆ ಎಂಥದೆಂದು ತಿಳಿಯದವರಲ್ಲ. ಐದು ರೂಪಾಯಿ ಕೈಗೆ ಬಿದ್ದೊಡನೆ ಅವರು ಹಾರೆ ಹಿಡಿದರೆಂಬುದು ನೂರು ರೂಪಾಯಿಯ ಕಥೆಗಿಂತ ಕಹಿಯಾದ ಕಥೆ. ಅಲ್ಲಿ ಒಂದು ಗಳಿಗೆ ನಿಲ್ಲುವ ಧೈರ್ಯವನ್ನು ಲೇಖಕರು ತೋರಿಸಬಹುದಾಗಿತ್ತು.

ಈ ಬೆಳಗು ಕಥೆಯಲ್ಲಿ ಇಲ್ಲದಿದ್ದರೂ ನಮ್ಮ ಚರಿತ್ರೆಯಲ್ಲಿ ಬಂದಿದೆ. ಸಂಕಲನ ಹೊರಬಂದ ಆರು ವರ್ಷಗಳ ಮೇಲೆ, 1976ರಲ್ಲಿ, ತಂಜಾವೂರು ಸೀಮೆಯ ಪತ್ತೂರು ಎಂಬಲ್ಲಿ ಪಾಳುಬಿದ್ದ ಶಿವಾಲಯದ ನೆಲದಲ್ಲಿ ಕೂಲಿಯಾಳೊಬ್ಬನಿಗೆ ಕಂಚಿನ ನಟರಾಜ ಸಿಕ್ಕಿತು. ಅದು ಕೈಯಿಂದ ಕೈಗೆ ಮಾರಾಟವಾಗುತ್ತ ಲಂಡನ್ ಸೇರಿತು; ಹಣವಂತರ ಸಂಸ್ಥೆಯೊಂದು ಅದನ್ನು ಕೊಂಡಿತು. ಅದು ಯಾರದೆಂಬ ಪ್ರಶ್ನೆ ಅಲ್ಲಿಯ ನ್ಯಾಯಾಲಯಕ್ಕೆ ಬಂದಾಗ, ಪೂಜೆ ನಿಂತು ಎಷ್ಟೋ ಕಾಲವಾಗಿದ್ದ ಆ ಪಾಳುಗುಡಿಯ ಹಕ್ಕನ್ನೇ ನ್ಯಾಯಾಧೀಶರು ಎತ್ತಿ ಹಿಡಿದರು. 1991ರಲ್ಲಿ ಮೂರ್ತಿ ಈ ದೇಶಕ್ಕೆ ಮರಳಿತು. ಊರು ಮರೆತರೂ ಒಡೆತನ ಅಳಿಯದು ಎಂಬುದು ಆ ತೀರ್ಪಿನಿಂದ ನಾವು ತಿಳಿಯಬಹುದಾದ ಮಾತು. ಆದರೆ ಕಂಚಿನ ನಟರಾಜನಿಗೆ ದೊರೆತ ನ್ಯಾಯ ಮಣ್ಣಿನ ಕುದುರೆಗೆ ದೊರೆಯುವುದು ಕಷ್ಟ. ಅದಕ್ಕೆ ಶಾಸನವಿಲ್ಲ, ಶಿಲ್ಪಶಾಸ್ತ್ರದ ಮನ್ನಣೆಯಿಲ್ಲ, ದಾಖಲೆಯಿಲ್ಲ. ಇರುವುದು ಮುನಿಯ ತಾತ ಹೇಳಿದ ಒಂದು ಕಥೆ.

ಕುದುರೆ ಕೊಳ್ಳುವುದೇ ತಪ್ಪೆಂದು ಇದರಿಂದ ಯಾರೂ ತಿಳಿಯಬೇಕಾದುದಿಲ್ಲ. ಬಂಗಾಳದ ಬಂಕುರಾ ಸೀಮೆಯ ಕುಂಬಾರರು ಮಾಡುವ ಕುದುರೆಗಳು ದೇಶದ ಎಲ್ಲ ಕಡೆಯೂ ಮಾರಾಟವಾಗುತ್ತವೆ. ಅದರಿಂದ ಅವರ ಒಲೆ ಉರಿಯುತ್ತದೆ. ಮಾಡಿದವನು ಮಾರಲೆಂದೇ ಮಾಡಿದ್ದು ಒಂದು. ಒಪ್ಪಿಸಿದವನು ಮರಳಿ ಕೇಳದೆ ಒಪ್ಪಿಸಿದ್ದು ಇನ್ನೊಂದು. ಈ ಎರಡರ ನಡುವೆ ಇರುವ ಗೆರೆಯನ್ನು ಕಾಣದೆ ಹೋದವನು ಅಮೆರಿಕದವನೊಬ್ಬನೇ ಅಲ್ಲ. ಊರ ಗುಡಿಯ ಹಳೆಯ ದೀಪ, ಯಾರದೋ ಮನೆಯ ಕೆತ್ತನೆಯ ಬಾಗಿಲು, ಭೂತದ ಮುಖವಾಡ, ಇವು ಬೆಂಗಳೂರಿನ ನಮ್ಮ ಹಜಾರಗಳಲ್ಲಿಯೂ ಬಂದು ನಿಂತಿವೆ. ಯಾರಿಂದ ಕೊಂಡಿರಿ ಎಂದು ಕೇಳಿದರೆ ಅಂಗಡಿಯ ಹೆಸರು ಹೇಳುತ್ತೇವೆ. ಅಂಗಡಿಯವನು ಯಾವ ಮುನಿಯಿಂದ ಕೊಂಡನೆಂದು ಕೇಳುವವರು ಕಡಮೆ.

ಕೊನೆಯದಾಗಿ ಈ ಕಥೆಯ ಭಾಷೆಯ ವಿಷಯ. ಇದನ್ನು ಕನ್ನಡಕ್ಕೆ ತರಲು ಹೊರಟವರಿಗೆ ಒಂದು ವಿಚಿತ್ರವಾದ ತೊಡಕು ಎದುರಾಗುತ್ತದೆ. ಮೂಲದಲ್ಲಿ ಮುನಿ ಆಡುವುದು ತಮಿಳು, ಆದರೆ ಪುಟದ ಮೇಲೆ ಅದು ಇಂಗ್ಲಿಷ್. ಅಮೆರಿಕದವನ ಮಾತಂತೂ ಇಂಗ್ಲಿಷೇ. ಎರಡನ್ನೂ ಕನ್ನಡ ಮಾಡಿದರೆ ಒಬ್ಬರ ಮಾತು ಒಬ್ಬರಿಗೆ ಏಕೆ ತಿಳಿಯಲಿಲ್ಲವೆಂದು ಓದುಗ ಬೆರಗಾಗುತ್ತಾನೆ. ಅಮೆರಿಕದವನ ಮಾತನ್ನು ಇಂಗ್ಲಿಷಿನಲ್ಲೇ ಬಿಟ್ಟರೆ ಅರ್ಧ ಕಥೆ ಅರ್ಧ ಮಂದಿಗೆ ಮುಚ್ಚಿಹೋಗುತ್ತದೆ. ಮುನಿಯದು ಹಳ್ಳಿಯ ಆಡುಮಾತು, ಇನ್ನೊಬ್ಬನದು ಪುಸ್ತಕದ ಕನ್ನಡ ಎಂದು ಭೇದ ಮಾಡುವುದೊಂದೇ ದಾರಿಯಿದ್ದೀತು. ಈ ತೊಡಕು ಬರಿಯ ತಾಂತ್ರಿಕವಾದುದಲ್ಲ. ಇಬ್ಬರ ಮಾತೂ ತಿಳಿಯುವ ಒಬ್ಬನೇ ಒಬ್ಬ ಈ ಕಥೆಯಲ್ಲಿದ್ದಾನೆ. ಅವನು ಪುಸ್ತಕ ಹಿಡಿದ ಓದುಗ. ಕಥೆಯ ಒಳಗೆ ಅಂಥವನು ಬರುವುದಿಲ್ಲ. ತಾನು ಹುಡುಗನಾಗಿದ್ದಾಗ ಶಾಲೆಗೆ ಹೋಗುವ ಭಾಗ್ಯ ಮೇಲು ಜಾತಿಯವರಿಗಷ್ಟೇ ಇತ್ತೆಂದು ಮುನಿ ಮಾತಿನ ನಡುವೆ ಹೇಳುತ್ತಾನೆ. ಶಾಲೆಗೆ ಹೋದವರು ಎಲ್ಲಿ? ಅವರು ಪಟ್ಟಣ ಸೇರಿದ್ದಾರೆ. ಎರಡು ಮಾತೂ ಬಲ್ಲ ಒಬ್ಬ ಮೇಷ್ಟರು, ಒಬ್ಬ ಗುಮಾಸ್ತೆ, ಆ ಮಧ್ಯಾಹ್ನ ಅದೇ ದಾರಿಯಲ್ಲಿ ಬಂದಿದ್ದರೆ ಏನಾಗುತ್ತಿತ್ತು? ‘ಇದು ಊರಿನದು, ಮಾರುವಂಥದಲ್ಲ’ ಎಂದು ಹೇಳುತ್ತಿದ್ದನೆ? ಅಥವಾ ನೂರಕ್ಕೆ ಇನ್ನೂರು ಹೇಳಿ, ಮುನಿಗೆ ಐವತ್ತು ಕೊಟ್ಟು, ಉಳಿದದ್ದನ್ನು ಜೇಬಿಗಿಳಿಸುತ್ತಿದ್ದನೆ? ಮೊದಲನೆಯದೇ ನಿಜವೆಂದು ಎದೆಮುಟ್ಟಿ ಹೇಳುವ ಧೈರ್ಯ ನಮಗಿದ್ದರೆ ಈ ಕಥೆಯನ್ನು ನಕ್ಕು ಮುಚ್ಚಿಡಬಹುದು.

ಅಷ್ಟು ಧೈರ್ಯ ಇಲ್ಲದವರು ಅದನ್ನು ಇನ್ನೊಮ್ಮೆ ಓದುವುದು ಮೇಲು. ಮೊದಲ ಸಲ ಮುನಿಯ ಮಾತಿಗೆ ನಗುತ್ತೇವೆ, ಎರಡನೆಯ ಸಲ ಅವನ ಮಾತನ್ನು ಕೇಳುತ್ತೇವೆ. ಮಾರಿದ ಮೇಕೆಗಳು ತಾವಾಗಿಯೇ ನಡೆದು ಮನೆಗೆ ಬಂದವು. ಅವಕ್ಕೆ ತಮ್ಮ ಒಡೆಯ ಯಾರೆಂದು ಗೊತ್ತಿತ್ತು. ಆ ಕುದುರೆ ಮಾತ್ರ ಈಗಲೂ ಯಾವುದೋ ದಿವಾನಖಾನೆಯಲ್ಲಿ ಮುಂಗಾಲೆತ್ತಿ ನಿಂತಿದೆ. ಅದು ಯಾವ ಊರಿನದೆಂದು ಅಲ್ಲಿ ಹೇಳಬಲ್ಲವರು ಯಾರೂ ಇಲ್ಲ.